ಬೆನ್ನು ತಿರುಗಿಸಿ ಕೂತ ಮೇಷ್ಟ್ರು

ಮೊನ್ನೆ ನಮ್ಮ ಬೀದಿಗೆ ಕಲಾಯಿಯವನು ಬಂದಿದ್ದ. ಎಲ್ಲರ ಮನೆಯಲ್ಲೂ ಸ್ಟೀಲು ಪಾತ್ರೆ ಆದ ಮೇಲೆ ಅವನನ್ನು ಕೂಗುವವರೇ ಇಲ್ಲ. ನನ್ನ ಹತ್ತಿರ ಮಾತ್ರ ಒಂದು ಹಿತ್ತಾಳೆ ತಪ್ಪಲೆ ಉಳಿದಿದೆ. ಧನುರ್ಮಾಸದ ಹುಗ್ಗಿ ಅದರಲ್ಲೇ ಆಗಬೇಕು. ಅದನ್ನು ಒಯ್ದು ಅವನ ಮುಂದಿಟ್ಟು ಬೇವಿನ ಮರದ ನೆರಳಿನಲ್ಲಿ ನಿಂತೆ. ಅವನು ತಿದಿ ಒತ್ತಿ, ಪಾತ್ರೆ ಕಾಯಿಸಿ, ಒಂದು ಚಿಟಿಕೆ ನವಸಾಗರ ಹಾಕಿ ಅರಳೆಯಿಂದ ಉಜ್ಜಿದ. ಬೆಳ್ಳನೆಯ ಹೊಗೆ ಗುಪ್ಪೆಂದು ಎದ್ದಿತು. ಆ ಘಾಟು ಕುಡಿದವರಿಗೇ ಗೊತ್ತು. ಮೂಗು ಉರಿಯುತ್ತದೆ, ಕಣ್ಣಿನಲ್ಲಿ ನೀರು ಬರುತ್ತದೆ.

“ಅತ್ತೆ, ಹೊಗೆಯಿಂದ ಈಚೆ ಬನ್ನಿ” ಎಂದು ಸೊಸೆ ಬಾಗಿಲಿನಿಂದ ಕೂಗಿದಳು. ನಾನು ಬರಲಿಲ್ಲ. ಅಲ್ಲೇ ನಿಂತು ಇನ್ನೊಂದು ಸಲ ಉಸಿರೆಳೆದುಕೊಂಡೆ...

“ಇದನ್ನ ಮೂಗಿನಿಂದ ಕಲಿ ಮಗು, ಆಮೇಲೆ ಮರೆಯೋದಿಲ್ಲ.” ಹಾಗೆ ಹೇಳಿದವರು ನನ್ನ ಮನೆಪಾಠದ ಮೇಷ್ಟ್ರು. ಒಂದು ಹೆಂಚಿನ ಚೂರಿನಲ್ಲಿ ಕೆಂಡ ತರಿಸಿ, ಅದರ ಮೇಲೆ ನವಸಾಗರ ಉದುರಿಸಿ, ಕಿಟಕಿಯ ಕೆಳಗೆ ಇಡಿಸಿದ್ದರು. ಹೊಗೆ ಒಳಗೆ ನನ್ನ ತನಕ ಬಂತು. ಮೇಷ್ಟ್ರು ಮಾತ್ರ ಹೊರಗೇ ಇದ್ದರು. ಕೊನೆಯ ತನಕವೂ ಹೊರಗೇ ಇದ್ದರು.

ಅವರ ಹೆಸರನ್ನು ನಾನು ಒಂದು ಸಲವೂ ಬಾಯಿಂದ ಆಡಿದವಳಲ್ಲ. ಗುರುಗಳ ಹೆಸರು ಹಿಡಿಯಬಾರದು ಎಂದು ನಮ್ಮಜ್ಜಿಯ ಕಟ್ಟಳೆ. ಇಲ್ಲೂ ಹಿಡಿಯುವುದಿಲ್ಲ.

ಮೂವತ್ತರ ದಶಕದ ಮಾತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ಊರಿಗೆ ಹೊಸ ಜನ ಬರುತ್ತಿದ್ದ ಕಾಲ. ಕರೆಂಟಿನ ಕಂಬಗಳು ದೊಡ್ಡ ಬೀದಿಗೆ ಬಂದಿದ್ದವು, ನಮ್ಮ ಮನೆಗೆ ಬಂದಿರಲಿಲ್ಲ. ಅಪ್ಪ ನಾಲೆಯ ಓವರ್ಸಿಯರು. ಮಳವಳ್ಳಿಯಿಂದ ಅಲ್ಲಿಗೆ ವರ್ಗವಾಗಿತ್ತು. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ, ನಾನು, ಅಷ್ಟೇ. ಮಳವಳ್ಳಿಯಲ್ಲಿ ಮಿಡಲ್ ಸ್ಕೂಲು ಮುಗಿಸಿದ್ದೆ, ಲೆಕ್ಕ ಚೆನ್ನಾಗಿ ಬರುತ್ತಿತ್ತು. ಗಂಡುಮಕ್ಕಳಿಲ್ಲದ ಅಪ್ಪನಿಗೆ ನನ್ನನ್ನು ಎಸ್ಸೆಸ್ಸೆಲ್ಸಿಗೆ ಕಟ್ಟಿಸಬೇಕು ಎನ್ನುವ ಹಟ. ಆದರೆ ಮಂಡ್ಯಕ್ಕೆ ಬಂದ ಮೇಲೆ ನಾನು ದೊಡ್ಡವಳಾಗಿದ್ದೆ. ಹುಡುಗರ ಹೈಸ್ಕೂಲಿನ ಕಡೆ ತಲೆಯಿಟ್ಟು ಮಲಗುವುದಕ್ಕೂ ಅಜ್ಜಿ ಬಿಡುತ್ತಿರಲಿಲ್ಲ. ಮದ್ದೂರಿನಲ್ಲಿ ಅಜ್ಜಿಯ ಅಣ್ಣನ ಮೊಮ್ಮಗ ಇದ್ದ. ಮದುವೆಯ ಮಾತುಕತೆ ಆಗಲೇ ಅರ್ಧ ಆಗಿತ್ತು.

ಕೊನೆಗೆ ತಾಯಿ ಮಗನ ನಡುವೆ ಒಂದು ಒಪ್ಪಂದವಾಯಿತು. ಮನೆಯಲ್ಲೇ ಓದಬೇಕು. ಖಾಸಗಿಯಾಗಿ ಒಂದೇ ಒಂದು ಸಲ ಪರೀಕ್ಷೆಗೆ ಕೂರಬೇಕು. ಪಾಸಾದರೆ ಮೈಸೂರು, ಫೇಲಾದರೆ ಮದ್ದೂರು. ಪಾಸಾದರೆ ಹಾಸ್ಟೆಲಿನಲ್ಲಿದ್ದು ಮುಂದಕ್ಕೆ ಓದುವುದು, ಇಲ್ಲದಿದ್ದರೆ ಆ ಬೇಸಿಗೆಯಲ್ಲೇ ಮದುವೆ. ದೇವರ ಮುಂದೆ ತುಪ್ಪದ ದೀಪ ಹಚ್ಚಿ ನಾನು ದಿನಾ ಮೈಸೂರನ್ನು ಕೇಳಿಕೊಳ್ಳುತ್ತಿದ್ದೆ.

ಇಂಗ್ಲಿಷನ್ನು ಅಪ್ಪನೇ ಹೇಳಿಕೊಡುವುದೆಂದಾಯಿತು. ಅಪ್ಪನಿಗೆ ಬರುತ್ತಿದ್ದ ಇಂಗ್ಲಿಷು ನಾಲೆಗೆ ನೀರು ಬಿಟ್ಟ ವರದಿಗೆ ಸಾಕಾಗುವಷ್ಟು. ಲೆಕ್ಕಕ್ಕೂ ಫಿಸಿಕ್ಸಿಗೂ ಮೇಷ್ಟ್ರು ಬೇಕಾಯಿತು.

ಮೇಷ್ಟ್ರು ಊರ ಪಕ್ಕದ ಗುತ್ತಲಿನಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಹಗಲು ಸ್ಕೂಲು, ಸಂಜೆ ಮನೆಪಾಠ. ಅಪ್ಪನಿಗಿಂತ ಹಿರಿಯರು. ಕಾರ್ಖಾನೆಯಲ್ಲಿ ಕರೆಂಟಿನ ಕೆಲಸ ಸಿಕ್ಕೀತು ಎಂದು ಆಸೆಪಟ್ಟ ಮೂವರು ಹುಡುಗರಿಗೂ ಪಾಠ ಹೇಳುತ್ತಿದ್ದರು: ವೈರು, ಬ್ಯಾಟರಿ, ಸರ್ಕ್ಯೂಟು. ಅವರ ಕೋಣೆಯಲ್ಲಿ ನಾಲ್ಕು ಜನಕ್ಕೆ ಕೂರಲು ಜಾಗವಿರಲಿಲ್ಲ. ನಮ್ಮ ಜಗುಲಿ ಉದ್ದಕ್ಕಿತ್ತು. ಹುಡುಗರೂ ಅಲ್ಲಿಗೇ ಬರಲಿ, ಮಗಳೂ ಕಲಿಯಲಿ ಎಂದು ಅಪ್ಪ ಹೇಳಿದ ದಿನ ಅಜ್ಜಿ ಒನಕೆ ಕೆಳಗಿಟ್ಟು ಎದ್ದು ಬಂದಳು.

“ಏನ್ಲಾ, ದೊಡ್ಡೋಳಾದ ಎಣ್ಣ ಗಂಡಸ್ರ ಮುಂದೆ ಕೂರುಸ್ತೀಯಾ? ಮದ್ದೂರ್ನೋರ ಕಿವೀಗ್ ಬಿದ್ರೆ ನಾನೇನ್ಲಾ ಏಳ್ಲಿ?”

“ಪಾಠ ಕಣವ್ವ. ಅದೇನ್ ಕುಣ್ತ ಅಲ್ಲ.”

“ಆಗ್ಲಿ ಬುಡು. ಅಯ್ನೋರು ಜಗುಲೀಲ್ ಕೂತ್ಕಳ್ಳಿ, ಇವ್ಳು ಒಳಗ್ ಕೂತ್ಕಳ್ಳಿ. ಕಿಟಕಿ ಕೆಳಗಿನ್ ಬಾಗ್ಲು ಮುಚ್ಚಿರ್ಲಿ. ಇವ್ಳ ದನಿ ಬೀದೀಗ್ ಬೀಳ್ಕೂಡ್ದು. ಆಮ್ಯಾಕ್ ಅದೇನ್ ಕಲುಸ್ತಾರೋ ಕಲುಸ್ಲಿ.”

“ದನಿ ಇಲ್ದೆ ಎಂಗವ್ವ ಉತ್ರ ಕೊಡ್ತಾಳೆ?”

“ಅದು ಅಯ್ನೋರ್ಗೆ ಬುಟ್ಟಿದ್ದು. ಓದ್ದೋರಲ್ವಾ?”

ಮೇಷ್ಟ್ರು ಆಗ ಜಗುಲಿಯ ಮೇಲೇ ಕೂತಿದ್ದರು. ಇದಿಷ್ಟೂ ಕೇಳಿಸಿರಬೇಕು. ಕೊಡೆ ತೆಗೆದುಕೊಂಡು ಎದ್ದು ಹೋದರು. ಇನ್ನು ಅವರು ಬರುವುದಿಲ್ಲ ಎಂದುಕೊಂಡು ನಾನು ಸೌದೆ ಕೋಣೆಯಲ್ಲಿ ಕೂತು ಅತ್ತೆ.

ಮುಂದಿನ ಭಾನುವಾರ ಒಂದು ಗಂಟು ಹೊತ್ತುಕೊಂಡು ಬಂದರು. ಅದರೊಳಗೆ ಒಂದು ಗಾಜಿನ ಜಾಡಿ, ಒಂದು ಸತುವಿನ ಕಡ್ಡಿ, ಇದ್ದಿಲಿನಂಥ ಒಂದು ಕಪ್ಪು ಪಟ್ಟಿ, ನೂಲು ಸುತ್ತಿದ ತಂತಿ, ಸೈಕಲ್ಲಿನ ಗಂಟೆಯ ಬಟ್ಟಲು. ಕಲಾಯಿ ಸಾಬರ ಹತ್ತಿರ ನವಸಾಗರ ತಂದಿದ್ದರು. ಜಾಡಿಯ ನೀರಿಗೆ ಅದನ್ನು ಹಾಕಿ ಕರಗಿಸಿ, ಕಡ್ಡಿಯನ್ನೂ ಪಟ್ಟಿಯನ್ನೂ ಇಳಿಬಿಟ್ಟರು; ಅದೇ ಬ್ಯಾಟರಿ. ಗಂಟೆ ಒಂದು ಮರದ ಪೆಟ್ಟಿಗೆಯಲ್ಲಿ ಜಗುಲಿಯ ಮೇಲೆ ಅವರ ಪಕ್ಕ ಉಳಿಯಿತು. ತಂತಿ ಕಿಟಕಿಯ ಸಂದಿಯಿಂದ ಒಳಗೆ ಬಂದು ನನ್ನ ಕೈಯ ಹತ್ತಿರ ಒಂದು ಹಿತ್ತಾಳೆ ತಗಡಿನಲ್ಲಿ ಮುಗಿಯಿತು. ತಗಡನ್ನು ಒತ್ತಿದರೆ ಹೊರಗೆ ಗಂಟೆ ಹೊಡೆಯುತ್ತಿತ್ತು.

ಒಂದು ಸಲ ಒತ್ತಿದರೆ ‘ಅರ್ಥವಾಯಿತು’ ಅಥವಾ ‘ಹೌದು’. ಎರಡು ಸಲ ಒತ್ತಿದರೆ ‘ಆಗಲಿಲ್ಲ’. ಲೆಕ್ಕದ ಉತ್ತರವಾದರೆ ಒಂದೊಂದು ಅಂಕಿಗೆ ಅಷ್ಟಷ್ಟು ಸಲ; ಸೊನ್ನೆಗೆ ಒಂದು ಉದ್ದನೆಯ ಗಂಟೆ. ಬರೆದು ತೋರಿಸಬೇಕಾದ್ದನ್ನು ಸ್ಲೇಟಿನಲ್ಲಿ ಬರೆದರೆ ಅಜ್ಜಿ ತೆಗೆದುಕೊಂಡು ಹೋಗಿ ಜಗುಲಿಯ ಮೇಲೆ ಇಡುತ್ತಿದ್ದಳು. ಹೀಗೆ ನನ್ನ ಓದು ಶುರುವಾಯಿತು. ಅವರು ಬರುವ ಮೊದಲೇ ನಾನು ಒಳಗೆ ಕೂತಿರಬೇಕು, ಅವರು ಹೋದ ಮೇಲೆ ಏಳಬೇಕು. ಅವರು ಕಿಟಕಿಗೆ ಬೆನ್ನು ಮಾಡಿ ಗೋಡೆಗೆ ಒರಗಿ ಕೂರುತ್ತಿದ್ದರು. ರಾಗಿ ಪೆಟ್ಟಿಗೆ ಹತ್ತಿ ನಿಂತು ಮೇಲಿನ ಸರಳಿನಿಂದ ಇಣುಕಿದರೆ ಕಾಣುತ್ತಿದ್ದದ್ದು ಬಿಳಿ ರುಮಾಲು, ಅದರ ಕೆಳಗೆ ನರೆತ ಕೂದಲಿನ ಕತ್ತು, ಬಲಗಡೆಗಿಂತ ಸ್ವಲ್ಪ ಎತ್ತರಕ್ಕಿದ್ದ ಎಡಭುಜ, ಮಾಸಿದ ಕೋಟು. ಅಷ್ಟೇ ನನಗೆ ಗೊತ್ತಿದ್ದ ಮೇಷ್ಟ್ರು. ಅಷ್ಟು ಮತ್ತು ದನಿ.

ದನಿ ಮೃದು. ಹುಡುಗರಿಗೆ ಹೇಳುವುದೂ ನನಗೆ ಹೇಳುವುದೂ ಒಂದೇ. ಸರ್ಕ್ಯೂಟು ಎಂದರೇನು ಎಂದು ಹೇಳಿದ್ದು ಈಗಲೂ ಕಿವಿಯಲ್ಲಿದೆ: “ಕರೆಂಟು ಹೋದ ದಾರೀಲೇ ವಾಪಸು ಬರೋದಿಲ್ಲ ಮಗು. ಆದರೆ ವಾಪಸು ಬರೋದಕ್ಕೆ ಒಂದು ದಾರಿ ಇಲ್ಲದೆ ಅದು ಹೊರಡೋದೂ ಇಲ್ಲ.” ನಾನು ಒಂದು ಸಲ ಒತ್ತಿದೆ. ಹುಡುಗರು ಮಾತ್ರ ಅರ್ಥವಾಗಲಿಲ್ಲ ಎಂದರು.

ಕಾಗದ ಹಾಳುಮಾಡಬಾರದೆಂದು ನಾನು ಸರ್ಕ್ಯೂಟುಗಳನ್ನು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಬಿಡುತ್ತಿದ್ದೆ. ಎಳೆ ಎಲ್ಲೂ ಕಡಿಯಬಾರದು, ಹೊರಟಲ್ಲಿಗೆ ಬಂದು ಸೇರಬೇಕು; ರಂಗೋಲಿ ಬರುವವಳಿಗೆ ಅದೇನೂ ಕಷ್ಟವಲ್ಲ. ಅಜ್ಜಿ ಒಂದು ದಿನ ನೋಡಿ, “ಇದ್ಯಾವ್ ದೇವ್ರ ಎಸ್ರಲ್ಲಿ ಬುಟ್ಟಿದ್ದೀಯವ್ವ? ಚುಕ್ಕೀನೇ ಇಲ್ಲ” ಎಂದು ಕೇಳಿದಳು. ಗಂಟೆಯದು ಎಂದೆ. ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಇಟ್ಟು ಹೋದಳು.

ಗಂಟೆಯಿಂದ ಇನ್ನೊಂದು ಪೇಚಾಯಿತು. ಒಂದು ಸಂಜೆ ಹುಡುಗರು ಇನ್ನೂ ಬಂದಿರಲಿಲ್ಲ. ಮೇಷ್ಟ್ರು ಒಂದು ಲೆಕ್ಕ ಕೊಟ್ಟು, ಉತ್ತರ ಎಣಿಸುವುದಕ್ಕಾಗಿ ಕಣ್ಣು ಮುಚ್ಚಿ ಕೂತಿದ್ದರಂತೆ. ಸೊಪ್ಪು ಮಾರುವ ಮುದುಕಿ ಬೀದಿಯಲ್ಲಿ ಬಂದಳು. ರುಮಾಲು ಸುತ್ತಿದ ಅಯ್ಯನವರು ಕಣ್ಣು ಮುಚ್ಚಿ ಕೂತಿದ್ದಾರೆ, ಯಾರೂ ಮುಟ್ಟದೆ ಗಂಟೆ ಹೊಡೆಯುತ್ತಿದೆ. ಮುದುಕಿ ಮಂಕರಿ ಇಳಿಸಿ ಅಡ್ಡಬಿದ್ದಳು.

“ಯಾವ್ ದೇವ್ರವ್ವ ಇದು? ಗಂಟೆ ತಾನಾಗೇ ಬಡ್ಕತದಲ್ಲ!”

ಒಳಗೆ ಮದುವೆಗೆ ಬಂದ ಹುಡುಗಿ ಲೆಕ್ಕ ಮಾಡುತ್ತಿದ್ದಾಳೆ ಎಂದು ಅಜ್ಜಿ ಹೇಳುವುದುಂಟೆ? “ಮನೆದೇವ್ರು ಕಣಮ್ಮ, ಸುಮ್ಕ್ ಓಗು” ಎಂದಳು. ಮುದುಕಿ ಹೋಗುವಾಗ ಒಂದು ಕಂತೆ ದಂಟಿನ ಸೊಪ್ಪು ಜಗುಲಿಗೆ ಇಟ್ಟು ಹೋದಳು. ಆಮೇಲೆ ಸಂಜೆ ಆ ಬೀದಿಯಲ್ಲಿ ಹಾಯುವವರು ಗಂಟೆಯ ಸದ್ದಿಗೆ ನಿಂತು ಕೆನ್ನೆ ಮುಟ್ಟಿಕೊಂಡು ಹೋಗುವುದು ಮಾಮೂಲಾಯಿತು. ನನ್ನ ತಪ್ಪು ಉತ್ತರಗಳಿಗೂ ಜನ ಕೈಮುಗಿದರು. ಅಜ್ಜಿಗೆ ಹೆದರಿಕೆ ಹತ್ತಿ, “ಜನ ಕೈ ಮುಗ್ಯೋ ಗಂಟೇನ ಮೈಲ್ಗೇಲಿ ಮುಟ್ಬ್ಯಾಡ” ಎಂದು ಕಾಲು ತೊಳೆಸಿ, ದೀಪ ಹಚ್ಚಿ, ಆಮೇಲೇ ನನ್ನನ್ನು ಪಾಠಕ್ಕೆ ಕೂರಿಸತೊಡಗಿದಳು. ನನಗೇನೂ ಬೇಸರವಾಗಲಿಲ್ಲ. ದೀಪದ ಮುಂದೆ ಕೂತು ವರ್ಗಸಮೀಕರಣ ಬಿಡಿಸುವ ಭಾಗ್ಯ ಎಷ್ಟು ಜನಕ್ಕುಂಟು?

ಹುಡುಗರು ನನಗೆ ಗಂಟೆಯಮ್ಮ ಎಂದು ಹೆಸರಿಟ್ಟಿದ್ದರು. ಅವರ ಮುಖವನ್ನೂ ನಾನು ಕಂಡವಳಲ್ಲ, ಅವರ ಜಗಳ ಮಾತ್ರ ಕೇಳುತ್ತಿತ್ತು.

“ಲೇ, ಗಂಟೆಯಮ್ಮ ಆಗ್ಲೇ ಒಡ್ದುಬುಟ್ಳು ಕಣ್ಲಾ! ನೀನಿನ್ನೂ ಸ್ಲೇಟ್ ಒರುಸ್ತಿದ್ದೀಯ.”

“ಅವ್ಳು ಒಳಗೆ ಬೆಲ್ಲ ತಿನ್ಕಂಡು ಲೆಕ್ಕ ಮಾಡ್ತಾಳೆ ಕಣ್ಲಾ, ಅದ್ಕೇ ಬಿರ್ನೆ ಬತ್ತದೆ.”

ಮೇಷ್ಟ್ರು ನಗದೆಯೇ ಹೇಳಿದರು: “ಬೆಲ್ಲ ತಿಂದರೆ ಲೆಕ್ಕ ಬರೋದಾದರೆ ಆಲೆಮನೆ ಇರುವೆಗಳೆಲ್ಲ ಇಷ್ಟೊತ್ತಿಗೆ ಇಂಜಿನಿಯರಾಗಿರೋವು ಕಣ್ರಯ್ಯ.”

ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನಗುವಿನ ಸದ್ದೂ ಬೀದಿಗೆ ಬೀಳುವ ಹಾಗಿರಲಿಲ್ಲವಲ್ಲ.

ನಕ್ಕದ್ದು ಹೇಳಿದೆ. ಆದರೆ ಆ ದಿನಗಳು ನಗುವಿನ ದಿನಗಳಲ್ಲ. ಬೆಳಗಿನಿಂದ ಸಂಜೆಯ ತನಕ ಆ ಮುಂದಿನ ಕೋಣೆಯಲ್ಲಿ ನಾನೊಬ್ಬಳೇ. ಅಪ್ಪ ನಾಲೆಯ ಮೇಲೆ, ಅಜ್ಜಿ ಹಿತ್ತಿಲಿನಲ್ಲಿ. ಹೊಸ ಊರು, ಗೆಳತಿಯರಿಲ್ಲ. ದೂರದಲ್ಲಿ ರೈಲು ಹನಕೆರೆಯ ಕಡೆ ಹೋಗುವ ಕೂಗು, ಅದು ನಿಂತ ಮೇಲೆ ಇನ್ನೂ ಹೆಚ್ಚು ಮೌನ. ಹೊರಗಿನವರಿಗೆ ನಾನು ಏನಾದರೂ ಹೇಳಬಹುದಾಗಿದ್ದದ್ದು ಆ ತಗಡಿನ ತುಂಡಿನಿಂದ ಮಾತ್ರ.

ಹೊರಗೆ ಕೂತವರೂ ಒಂಟಿಯೇ ಎಂದು ನನಗೆ ಹೊಳೆದದ್ದು ನಿಧಾನವಾಗಿ. ಪಾಠ ಮುಗಿದು ಹುಡುಗರು ಎದ್ದು ಓಡಿದ ಮೇಲೂ ಮೇಷ್ಟ್ರು ಏಳುತ್ತಿರಲಿಲ್ಲ. “ಇನ್ನೊಂದೇ ಒಂದು ಲೆಕ್ಕ ಮಗು” ಎನ್ನುತ್ತಿದ್ದರು. ಅದು ಸುಲಭದ ಲೆಕ್ಕ, ಎಂದೋ ಮಾಡಿ ಮುಗಿಸಿದ್ದು. ಉತ್ತರ ನನಗೆ ಕೇಳಿದ ಕೂಡಲೇ ಗೊತ್ತಾಗುತ್ತಿತ್ತು. ಆದರೂ ನಾನು ಬೇಗ ಒತ್ತುತ್ತಿರಲಿಲ್ಲ. ಒತ್ತಿದರೆ ಅವರು ಎದ್ದು ಹೋಗಬೇಕು. ಅವರೂ ಆತುರ ಮಾಡುತ್ತಿರಲಿಲ್ಲ. ಗೋಡೆಯ ಆಚೆ ಅವರು, ಈಚೆ ನಾನು, ನಡುವೆ ಒಂದು ಮಾಡಿ ಮುಗಿದ ಲೆಕ್ಕ... ಕತ್ತಲಾಗುವ ಮುಂಚೆ ಒತ್ತಿಬಿಡುತ್ತಿದ್ದೆ. ಅವರು “ಸರಿ” ಎಂದು ಕೊಡೆ ಊರಿಕೊಂಡು ಗುತ್ತಲಿನ ಕಡೆ ನಡೆಯುತ್ತಿದ್ದರು.

ಮಳವಳ್ಳಿ ಕಡೆಯಿಂದ ಬಂದ ನೆಂಟರಿಂದ ಅಜ್ಜಿಗೆ ಸುದ್ದಿ ಸಿಕ್ಕಿತು. ರಾಗಿ ಕೇರುತ್ತಾ ನನಗೆ ಹೇಳಿದಳು: “ಅಯ್ನೋರು ಮೊದ್ಲು ಮಳವಳ್ಳೀಲೇ ಇದ್ರಂತೆ ಕಣವ್ವ. ಎರ್ಗೇಲಿ ಎಡ್ತಿ ಮಗು ಎರ್ಡೂ ತೀರ್ಕಂಡ್ವಂತೆ. ಆವತ್ನಿಂದ ಒಬ್ರೇ ಬೇಯ್ಸ್ಕಂಡ್ ಉಣ್ತಾರಂತೆ.” ಅಷ್ಟು ಹೇಳಿ ಮೊರ ಕೆಳಗಿಟ್ಟಳು. ಮಾರನೆಯ ದಿನದಿಂದ ಪಾಠದ ಹೊತ್ತಿಗೆ ಜಗುಲಿಯ ಮೇಲೆ ಒಂದು ಎಳನೀರು ಇರುತ್ತಿತ್ತು. ನಮ್ಮ ಮನೆಯಲ್ಲಿ ಬೆಂದದ್ದನ್ನೂ ನೀರನ್ನೂ ಅವರು ಮುಟ್ಟುವವರಲ್ಲ, ಎಳನೀರಿಗೆ ಮೈಲಿಗೆಯಿಲ್ಲ. ಕೆತ್ತಿ ಬಾಯಿ ತೆರೆದದ್ದನ್ನು ಕುಡಿಯುವರೋ ಇಲ್ಲವೋ ಎಂದು ಅಜ್ಜಿ ಕುಡುಗೋಲನ್ನೂ ಪಕ್ಕದಲ್ಲೇ ಇಡುತ್ತಿದ್ದಳು. ಅವರೇ ಕೆತ್ತಿಕೊಂಡು ಕುಡಿಯುವ ಸದ್ದು ಒಳಗೆ ಕೇಳಿಸುತ್ತಿತ್ತು. ಬೈಯುವ ಬಾಯಿಯ ನಮ್ಮಜ್ಜಿಗೆ ಆ ಬುದ್ಧಿ ಕೊಟ್ಟ ದೇವರು ದೊಡ್ಡವನು.

ಪರೀಕ್ಷೆ ಹತ್ತಿರ ಬಂತು. ಬರೆಯುವುದು ಮೈಸೂರಿನಲ್ಲಿ. ಒಂದು ಸಂಜೆ ಮೇಷ್ಟ್ರು ಎಂದೂ ಇಲ್ಲದ ಹಾಗೆ ಅಜ್ಜಿಯನ್ನು ಬಾಗಿಲಿಗೆ ಕರೆದರು.

“ಅಮ್ಮಾ, ಒಂದು ಕೇಳಿಕೊಳ್ತೀನಿ. ಇ‌ಷ್ಟು ದಿನ ಗಂಟೆಗೆ ಪಾಠ ಹೇಳಿದೀನಿ. ಪರೀಕ್ಷೆ ಬರೆದು ಬಂದ ಮೇಲೆ ಮಗು ಒಂದು ಸಲ ಹೊರಗೆ ಬರಲಿ. ಅದರ ಧ್ವನಿ ಕೇಳಬೇಕು.”

ಅಜ್ಜಿ ಬೈದುಬಿಡುತ್ತಾಳೆ ಎಂದುಕೊಂಡೆ.

“ಆಗ್ಲಿ ಅಯ್ನೋರೆ,” ಎಂದಳು ಅಜ್ಜಿ. “ಬರ್ದು ಬಂದ್ ದಿವ್ಸ ನಡುಮನೇಲಿ ಮಣೆ ಆಕ್ತೀನಿ. ತಾಂಬೂಲ ಮಡುಗಿ ಕಾಲಿಗ್ ಬೀಳುಸ್ತೀನಿ. ನೀವೇ ಮಾತಾಡ್ಸಿ. ಬಾಯಿ ಇಲ್ದೋಳಲ್ಲ ಅವ್ಳು, ಒಳಗೆ ನನ್ ಪ್ರಾಣ ತಿಂತಾಳೆ.”

ಅವತ್ತಿನಿಂದ ನನ್ನ ಆಸೆ ಎರಡಾಯಿತು. ಪಾಸಾಗಿ ಮೈಸೂರಿಗೆ ಹೋಗುವುದು ಒಂದು. ಗುರುವಿನ ಮುಖ ನೋಡಿ, ಕಾಲು ಮುಟ್ಟಿ, ‘ಮೇಷ್ಟ್ರೇ’ ಎಂದು ಬಾಯಿ ತುಂಬ ಕರೆಯುವುದು ಇನ್ನೊಂದು. ಏನು ಮಾತಾಡಬೇಕೆಂದು ರಾಗಿ ಬೀಸುತ್ತಾ ಬೀಸುತ್ತಾ ಬಾಯಿಪಾಠ ಮಾಡಿಕೊಂಡೆ.

ಕೊನೆಯ ಪಾಠದ ದಿನ ಲೆಕ್ಕ ಕೊಡಲಿಲ್ಲ. “ಭಯ ಆಗ್ತಿದೆಯಾ ಮಗು?” ಎಂದರು. ಒಂದು ಸಲ ಒತ್ತಿದೆ. ಹೊರಗೆ ಸಣ್ಣದಾಗಿ ನಕ್ಕರು. “ನನಗೂ” ಎಂದರು.

ಮೈಸೂರಿಗೆ ಹೊರಟ ದಿನ ಅಪ್ಪ ನನ್ನನ್ನು ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಹತ್ತಿರ ಕೂರಿಸಿ, ಪೆಟ್ಟಿಗೆ ಎತ್ತಿಸಲು ಮುಂದಿನ ಡಬ್ಬಿಯ ಕಡೆ ಹೋದರು. ಪ್ಲಾಟ್‌ಫಾರಮ್ಮಿನ ತುಂಬ ಜನ. ನನ್ನ ಮಡಿಲಿನಲ್ಲಿ ಪುಸ್ತಕ. ಸ್ವಲ್ಪ ಹೊತ್ತಿನ ಮೇಲೆ ಯಾರೋ ಒಬ್ಬರು ಗಂಡಸರು ಬಂದು ನನ್ನ ಕಿಟಕಿಯ ಎದುರಿಗೇ ನಿಂತದ್ದು ಓರೆಗಣ್ಣಿಗೆ ಕಂಡಿತು. ಕೈಯಲ್ಲಿ ಕೊಡೆ. ಹೋಗಲಿಲ್ಲ, ಮಾತಾಡಲಿಲ್ಲ, ನಿಂತೇ ಇದ್ದರು. ಪರಪುರುಷರು ಎದುರಿಗೆ ನಿಂತರೆ ಏನು ಮಾಡಬೇಕೆಂದು ಅಜ್ಜಿ ನನಗೆ ಕಲಿಸಿದ್ದಳು. ತಲೆಯ ಮೇಲೆ ಸೆರಗೆಳೆದುಕೊಂಡು ಮುಖವನ್ನು ಆ ಕಡೆಯ ಕಿಟಕಿಗೆ ತಿರುಗಿಸಿದೆ.

ಎದುರು ಸೀಟಿನ ಹೆಂಗಸು ಕೇಳಿದಳು: “ಯಾರವ್ವ ಅವ್ರು? ನಿನ್ನೇ ನೋಡ್ತಾ ನಿಂತವ್ರೆ. ನಿಮ್ಮೋರಾ?”

“ಯಾರೋ” ಎಂದೆ. ಹೆದರಿಕೆಗೆ ದನಿ ಸ್ವಲ್ಪ ಗಟ್ಟಿಯಾಗಿಯೇ ಬಂತು.

ಸೀಟಿ ಆಯಿತು. ಗಾಡಿ ಅಲುಗಿತು. ಅವರು ಹೋದರೋ ಎಂದು ಮೆಲ್ಲಗೆ ಈ ಕಡೆ ತಿರುಗಿದೆ. ಹೊರಟಿದ್ದರು. ಜನರ ನಡುವೆ ದೂರವಾಗುತ್ತಾ ಇತ್ತು ಒಂದು ಬಿಳಿ ರುಮಾಲು, ಅದರ ಕೆಳಗೆ ನರೆತ ಕೂದಲಿನ ಕತ್ತು, ಸ್ವಲ್ಪ ಎತ್ತರಕ್ಕಿದ್ದ ಎಡಭುಜ...

“ಮೇಷ್ಟ್ರೇ!”

ಸರಳಿಗೆ ಮುಖ ಒತ್ತಿ ಕೂಗಿದೆ. ಹುಟ್ಟಿದ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ಇಂಜಿನ್ನಿನ ಉಗಿಯ ಸದ್ದಿನಲ್ಲಿ ನನಗೇ ಸರಿಯಾಗಿ ಕೇಳಲಿಲ್ಲ. ಕೇಳಿದ್ದರೂ ಅವರು ತಿರುಗುತ್ತಿರಲಿಲ್ಲವೇನೋ. ಸ್ಟೇಷನ್ನಿನಲ್ಲಿ ಮೇಷ್ಟ್ರು ಎಂದು ಕರೆಸಿಕೊಳ್ಳುವವರು ಎಷ್ಟು ಜನ! ನನ್ನ ದನಿ ಅವರಿಗೆ ಹೇಗೆ ಗೊತ್ತು?

ಮುಂದಿನ ಸ್ಟೇಷನ್ನು ಯಲಿಯೂರಿನಲ್ಲಿ ಗಾಡಿ ನಿಂತಾಗ ಅಪ್ಪ ಇಳಿದು ನನ್ನ ಕಿಟಕಿಯ ಹತ್ತಿರ ಬಂದರು. ನಾನು ಆಗಲೂ ಅಳುತ್ತಿದ್ದೆ.

“ಯಾಕವ್ವ? ಪರೀಕ್ಷೆ ಅಂತ ಎದರ್ಕಂಡ್ಯಾ?”

“ಮೇಷ್ಟ್ರು ಬಂದಿದ್ರು ಅಪ್ಪ.”

“ಊಂ, ನಾನೇ ಕಳಿಸ್ದೆ. ಕಿಟಕಿ ತಾವ್ಲೇ ಕೂತವ್ಳೆ, ಓಗಿ ಮಾತಾಡ್ಸಿ ಮೇಷ್ಟ್ರೇ ಅಂದೆ. ಮಾತಾಡುದ್ರಾ?”

“ನಂಗೆ ಗೊತ್ತಾಗ್ಲಿಲ್ಲ.”

“ಗೊತ್ತಾಗ್ದೆ ಏನವ್ವ, ಅಷ್ಟು ದಿನ ಮನೇಗ್ ಬಂದೋರು...” ಎಂದು ಹೇಳುತ್ತಾ ಅಪ್ಪ ತಡೆದರು. ಅಲ್ಲಿಯ ತನಕ ಅವರಿಗೆ ಅದು ಹೊಳೆದೇ ಇರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: “ಅವ್ರಿಗೆ ವರ್ಗ ಆಗ್ಯದೆ ಮಗ. ನಾಳಿಕೇ ಊರು ಬುಡ್ತಾರೆ. ಪರೀಕ್ಷೆಗೆ ಮುಂಚೆ ನಿಂಗೆ ಏಳ್ಬೇಡಿ, ಮನ್ಸು ಕದಡ್ತದೆ ಅಂದಿದ್ರು.”

ಅದಕ್ಕೇ ಸ್ಟೇಷನ್ನಿಗೆ ಬಂದಿದ್ದರು. ಅಜ್ಜಿ ಮಣೆ ಹಾಕುವ ದಿನದ ತನಕ ಅವರು ಊರಿನಲ್ಲಿ ಇರುತ್ತಿರಲಿಲ್ಲ. ಒಂದು ಸಲ ಧ್ವನಿ ಕೇಳಬೇಕು ಎಂದಿದ್ದರು. ಅವರ ಕಿವಿಗೆ ನನ್ನ ದನಿ ಬಿದ್ದಿದ್ದರೆ, ಬಿದ್ದದ್ದು ‘ಯಾರೋ’ ಎನ್ನುವ ಅದೊಂದು ಮಾತು.

ಪರೀಕ್ಷೆ ಬರೆದೆ. ಲೆಕ್ಕದ ಪೇಪರಿನಲ್ಲಿ ಒಂದನ್ನೂ ಬಿಡಲಿಲ್ಲ. ಫಿಸಿಕ್ಸಿನಲ್ಲಿ ಬ್ಯಾಟರಿಯ ಚಿತ್ರ ಬರೆದು ವಿವರಿಸಲು ಕೇಳಿದ್ದರು. ನವಸಾಗರದ ಘಾಟು ಮೂಗಿಗೆ ಬಂದ ಹಾಗಾಗಿ, ಎಳೆ ಕಡಿಯದಂತೆ ಬರೆದೆ. ಮಂಡ್ಯಕ್ಕೆ ಬಂದಾಗ ಗುತ್ತಲಿನ ಕೋಣೆಗೆ ಬೇರೆಯವರು ಬಂದಾಗಿತ್ತು. ಅಪ್ಪ ಸ್ಕೂಲಿನಲ್ಲಿ ವಿಚಾರಿಸಿದರು. ಚಿತ್ರದುರ್ಗದ ಕಡೆ ಎಂದರು ಒಬ್ಬರು. ಅಲ್ಲ, ರಜ ಹಾಕಿ ಅಕ್ಕನ ಊರಿಗೆ ಹೋದರು ಎಂದರು ಇನ್ನೊಬ್ಬರು.

ರಿಸಲ್ಟು ಪೇಪರಿನಲ್ಲಿ ಬಂತು. ಪಾಸಾದವರ ನಂಬರು ಮಾತ್ರ ಹಾಕುತ್ತಿದ್ದರು. ಅಪ್ಪ ಬೆರಳಿಟ್ಟು ಮೇಲಿನಿಂದ ಕೆಳಗೆ ನೋಡಿದರು, ಮತ್ತೆ ಕೆಳಗಿನಿಂದ ಮೇಲೆ ನೋಡಿದರು. ನನ್ನ ನಂಬರು ಇರಲಿಲ್ಲ.

ಅಂಕಗಳು ಬಂದದ್ದು ಆಮೇಲೆ. ಲೆಕ್ಕದಲ್ಲಿ ಬಹಳ ಒಳ್ಳೆಯ ಅಂಕ. ಫಿಸಿಕ್ಸಿನಲ್ಲಿ ಇನ್ನೂ ಒಳ್ಳೆಯದು. ಇಂಗ್ಲಿಷು ಹೋಗಿತ್ತು. ಅಪ್ಪ ಆವತ್ತು ಊಟ ಮಾಡಲಿಲ್ಲ. ಅಜ್ಜಿ ಗೆದ್ದವಳ ಹಾಗೆ ಮಾತಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ತಲೆ ಬಾಚಿ, ಹೂ ಮುಡಿಸಿ, “ಅಯ್ನೋರಿದ್ದಿದ್ರೆ ಇನ್ನೊಂದ್ ಕಿತ ಕಟ್ಟುಸ್ತಿದ್ರೇನೋ ಕಣವ್ವ” ಎಂದಳು. ಆದರೆ ಮಾತು ಮಾತೇ. ಆ ಬೇಸಿಗೆಯಲ್ಲಿ ನಾನು ಮದ್ದೂರಿನ ಸೊಸೆಯಾದೆ.

ಸುಖವಾಗಿಯೇ ಬಾಳಿದೆ. ಇಲ್ಲ ಎಂದರೆ ದೇವರು ಮೆಚ್ಚುವುದಿಲ್ಲ. ನಮ್ಮ ಯಜಮಾನರದು ತೆಂಗಿನಕಾಯಿ ಮಂಡಿ. ಒಂದು ದಿನವೂ ಕೈ ಎತ್ತಿದವರಲ್ಲ. ಮನೆಗೆ ಕರೆಂಟು ಬಂದ ವರ್ಷ ದೀಪ ಹತ್ತದೆ ಹೋದಾಗ, ಮೈನ್ ಆರಿಸಿ, ವೈರು ಎಲ್ಲಿ ಬಿಟ್ಟುಕೊಂಡಿದೆ ಎಂದು ನಾನು ತೋರಿಸಿದರೆ, “ನಮ್ಮನೇವ್ಳಿಗೆ ಇದೆಲ್ಲ ಬತ್ತದೆ ಕಣ್ರಯ್ಯ” ಎಂದು ಮಂಡಿಯಲ್ಲೆಲ್ಲ ಹೇಳಿಕೊಂಡು ಬಂದರು. ಮಕ್ಕಳು ಮರಿ ಆರೋಗ್ಯವಾಗಿವೆ. ಕಣ್ಣು ಇನ್ನೂ ಕಾಣುತ್ತದೆ. ಇಷ್ಟು ಕೊಟ್ಟವನನ್ನು ಇನ್ನೇನು ಕೇಳಲಿ?

ಆದರೂ ಒಂದು ಉಳಿದಿದೆ. ಮೇಷ್ಟ್ರು ಎಲ್ಲಿದ್ದರೋ, ಆ ಊರಿಗೂ ಪೇಪರು ಹೋಗಿರುತ್ತದೆ. ನನ್ನ ನಂಬರು ಅವರಿಗೆ ಗೊತ್ತಿತ್ತು. ಕನ್ನಡಕ ಹಾಕಿಕೊಂಡು ಹುಡುಕಿರುತ್ತಾರೆ. ಇಲ್ಲದ್ದು ನೋಡಿ ಮಡಿಸಿಟ್ಟಿರುತ್ತಾರೆ. ತಾನು ಹೇಳಿಕೊಟ್ಟದ್ದರಲ್ಲೇ ಎಲ್ಲೋ ತಪ್ಪಾಯಿತು, ಗೋಡೆಯ ಆಚೆ ಕೂತ ಮಗುವಿಗೆ ಅರ್ಥವಾಗಲೇ ಇಲ್ಲ ಎಂದುಕೊಂಡು ಒಬ್ಬರೇ ಬೇಯಿಸಿಕೊಂಡು ಉಂಡಿರುತ್ತಾರೆ... ಅಪ್ಪ ಎಲ್ಲಾದರೂ ಸಿಕ್ಕರೆ ಹೇಳುತ್ತೇನೆ ಎನ್ನುತ್ತಿದ್ದರು. ಸಿಗಲಿಲ್ಲ. ಈಗ ಅಪ್ಪನೂ ಇಲ್ಲ, ಮೇಷ್ಟ್ರು ಇರುವ ಮಾತೇ ಇಲ್ಲ.

ಬೆಳಿಗ್ಗೆ ಪೂಜೆಗೆ ಕೂತು ಗುರುಗಳನ್ನು ನೆನೆಯುವಾಗ ಬೇರೆಯವರಿಗೆಲ್ಲ ಒಂದು ಮುಖ ಕಾಣುತ್ತದೆ. ನನಗೆ ಪ್ಲಾಟ್‌ಫಾರಮ್ಮಿನಲ್ಲಿ ನಡೆದು ಹೋಗುವ ಒಂದು ಬೆನ್ನು. ಅದಕ್ಕೇ ಕೈಮುಗಿಯುತ್ತೇನೆ. ನನ್ನ ಲೆಕ್ಕದ ಅಂಕವನ್ನು ದೇವರಿಗೆ ಹೇಳಬೇಕಾಗಿಲ್ಲ, ಅವನಿಗೆ ಎಲ್ಲ ಗೊತ್ತು. ಗೊತ್ತಿಲ್ಲದೆ ಹೋದವರು ಅವರು. ಅವರಿಗೆ ಮಾತ್ರ, ಸೊಸೆಗೆ ಕೇಳಿಸುವಷ್ಟು ಗಟ್ಟಿಯಾಗಿ, ಬಾಯಿಬಿಟ್ಟು ಹೇಳುತ್ತೇನೆ: ಹೋಗಿದ್ದು ಇಂಗ್ಲಿಷು ಮೇಷ್ಟ್ರೇ, ನಿಮ್ಮ ಪಾಠ ಅಲ್ಲ.